ಬುಧವಾರ ಆಪರೇಷನ್‌ಗೆ ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬುಧವಾರ ಬೆಳಿಗ್ಗೆ ಮಡಿಕೇರಿಯಲ್ಲಿ ಆಪರೇಷನ್ ಇರುವ ನಮ್ಮ ಸದಸ್ಯರು, ಅವರ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಮಂಗಳವಾರ ರಾತ್ರಿ ಬೇಗ, ಹಗುರವಾಗಿ ಊಟ ಮಾಡಿ. ಪಂದಿಕರಿ, ಕರಿದ ತಿಂಡಿ ಬೇಡ, ಅದು ಕರಗಲು 8 ಗಂಟೆಯಾದರೂ ಬೇಕು. ಹಾಲು ಹಾಕಿದ ಕಾಫಿಯೂ ಊಟದ ಲೆಕ್ಕವೇ, ಆಪರೇಷನ್‌ಗಿಂತ 6 ಗಂಟೆ ಮೊದಲೇ ನಿಲ್ಲಿಸಬೇಕು. ಬರೀ ನೀರನ್ನು ಸಾಮಾನ್ಯವಾಗಿ ಆಪರೇಷನ್‌ಗಿಂತ 2 ಗಂಟೆ ಮುಂಚಿನವರೆಗೆ ಕುಡಿಯಬಹುದು, ಆದರೆ ನಿಮ್ಮ ಡಾಕ್ಟರು ಹೇಳಿದ ಸಮಯವೇ ಕೊನೆ ಮಾತು. ಅರಿವಳಿಕೆ (ಅನಸ್ತೇಷಿಯಾ) ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಪಾಪ ಅಂತ ಹಿರಿಯರಿಗೆ ಒಂದು ಲೋಟ ಕಾಫಿ ಕೊಟ್ಟುಬಿಡಬೇಡಿ.

ಅರಿವಳಿಕೆ ಡಾಕ್ಟರ ಹತ್ತಿರ ಏನನ್ನೂ ಮುಚ್ಚಿಡಬೇಡಿ. ಶುಗರ್, ಬಿಪಿ, ರಕ್ತ ತೆಳು ಮಾಡುವ ಮಾತ್ರೆ, ಅಲರ್ಜಿ, ಅಲುಗಾಡುವ ಹಲ್ಲು, ಬೀಡಿ, ಕುಡಿತ ಎಲ್ಲ ಹೇಳಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಆಪರೇಷನ್ ಆದಮೇಲೆ ನೋವನ್ನು ಹಲ್ಲು ಕಚ್ಚಿ ತಡೆದುಕೊಳ್ಳುವ ಅಗತ್ಯವೇ ಇಲ್ಲ. ನೋವಿದ್ದರೆ ಆಳವಾಗಿ ಉಸಿರಾಡಲು, ಕೆಮ್ಮಲು ಆಗುವುದಿಲ್ಲ, ಎದೆಯಲ್ಲಿ ಕಫ ಕಟ್ಟುತ್ತದೆ. ಜಾಸ್ತಿಯಾಗುವ ಮೊದಲೇ ನರ್ಸಿಗೆ ಹೇಳಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟವರಿಗೆ ಕಾಲು ಕೆಲವು ಗಂಟೆ ಮರಗಟ್ಟಿರುತ್ತದೆ, ಒಬ್ಬರೇ ಏಳಬೇಡಿ.

ಯಾರ ಜೊತೆ ಯಾರು ಬರುತ್ತೀರಿ, ಸೋಮವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.