ಗುಡ್ಡದ ಬುಡದ ಊರಿಗೊಂದು ನಂಟರ ಊರು ಕೊಡಿ

ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಅಂಕೋಲಾ ತಾಲ್ಲೂಕಿನ ಗಂಗಾವಳಿ ದಡದ ಒಂದು ಸಣ್ಣ ಕೇರಿಯವನು. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಹೇಳಿ ಈಗ ನಿವೃತ್ತನಾಗಿದ್ದೇನೆ. ಮನೆ ಹಿಂದೆ ಗುಡ್ಡ, ಮುಂದೆ ಗದ್ದೆ, ಗದ್ದೆಯಾಚೆ ಹೊಳೆ. ಕೊಟ್ಟಿಗೆಯಲ್ಲಿ ಎರಡು ಆಕಳು, ಒಂದು ಕರು. ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಆ ಕೊಟ್ಟಿಗೆಯ ಸಲುವಾಗಿ.

2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಏನಾಯಿತೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿತ್ತು. ಹೆದ್ದಾರಿ ಮೇಲಿನ ಗುಡ್ಡ ಕುಸಿದು ಹೊಳೆಗೆ ಬಿತ್ತು. ಹೆದ್ದಾರಿ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ಗಾಡಿಗಳು, ಎಲ್ಲವನ್ನೂ ಮಣ್ಣು ಎಳೆದುಕೊಂಡು ಹೋಯಿತು. ಕೇರಳದ ಲಾರಿ ಚಾಲಕನೊಬ್ಬನ ದೇಹ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ನಮ್ಮ ಕಡೆಯವರ ಎದೆಯಲ್ಲಿ ಇನ್ನೂ ಕೂತಿರುವುದು ಉಳುವರೆ. ಉಳುವರೆ ಆ ಗುಡ್ಡದ ಬುಡದಲ್ಲಿಲ್ಲ, ಹೊಳೆಯ ಆಚೆ ದಡದಲ್ಲಿದೆ. ಗುಡ್ಡ ಬಿದ್ದದ್ದು ಈಚೆ, ನೀರು ಎದ್ದು ಮನೆಗಳ ಮೇಲೆ ಬಂದದ್ದು ಆಚೆ.

ಜ್ವಾಲಾಮುಖಿಯ ಪಾಠ ಮಾಡುವಾಗ ನಾನು ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದೆ: ಭಾರತದಲ್ಲಿ ಜೀವಂತ ಜ್ವಾಲಾಮುಖಿ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಮಾತ್ರ, ನಮಗೇನೂ ಭಯವಿಲ್ಲ. ಉಳುವರೆಯ ನಂತರ ಆ ಪಾಠವನ್ನು ನಾನೇ ಮತ್ತೆ ಓದಿದೆ. 1792ರಲ್ಲಿ ಜಪಾನಿನ ಉನ್ಜೆನ್ ಜ್ವಾಲಾಮುಖಿ ಕೆರಳಿದ್ದಾಗ ಶಿಮಬರಾ ಪಟ್ಟಣದ ಹಿಂದಿನ ಬೆಟ್ಟ ಕುಸಿದು ಸಮುದ್ರಕ್ಕೆ ಬಿತ್ತು. ಎದ್ದ ಅಲೆ ಕೊಲ್ಲಿಯ ಎದುರು ದಡದ ಹಿಗೊ ಪ್ರಾಂತ್ಯಕ್ಕೆ ನುಗ್ಗಿತು. ಎರಡೂ ಕಡೆ ಸೇರಿ ಸುಮಾರು 15,000 ಜನ ಸತ್ತರು. ಓದುತ್ತ ಕೂತವನಿಗೆ ಉಳುವರೆಯ ಅಂಗಳವೇ ಕಣ್ಣೆದುರು ಬಂತು.

ನಮ್ಮ ಗುಡ್ಡದೊಳಗೆ ಬೆಂಕಿಯಿಲ್ಲ, ನಿಜ. ಮೇಲೆ ಚಿರೇಕಲ್ಲು, ಅದರಡಿ ಶೇಡಿಮಣ್ಣು. ಮಳೆನೀರು ಕಲ್ಲಿನ ತೂತುಗಳಲ್ಲಿ ಇಳಿದು ಶೇಡಿಯನ್ನು ನೆನೆಸಿ ಬೆಣ್ಣೆ ಮಾಡುತ್ತದೆ. ಬುಡವನ್ನು ರಸ್ತೆಗೆಂದು ನೆಟ್ಟಗೆ ಕಡಿದಿದ್ದರೆ ಮೇಲಿನ ಭಾರಕ್ಕೆ ಆಸರೆ ಎಲ್ಲಿಂದ ಬರಬೇಕು? 2009ರಲ್ಲಿ ಕಾರವಾರದ ಹತ್ತಿರ ಕಡವಾಡದ ಝರಿವಾಡದಲ್ಲಿ 19 ಜನ ಮಣ್ಣಿನಡಿ ಹೋದರು. 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟಗಳೇ ಜಾರಿದವು. ಬೆಂಕಿ ಕಾರುವ ಬೆಟ್ಟದ ಜೊತೆ ತಲೆಮಾರುಗಳಿಂದ ಬದುಕಿದವರಿಂದ ನಾವು ಕಲಿಯಬೇಕಾದ್ದು ಬೇಕಾದಷ್ಟಿದೆ.

ಒಂದು ಮಳೆಗಾಲದ ಸಂಜೆಯ ಮಾತು ಹೇಳುತ್ತೇನೆ. ಆರು ಗಂಟೆಗೆ ಒಬ್ಬರು ಬೈಕಿನಲ್ಲಿ ಬಂದು, ನೆನೆದ ರೇನ್‌ಕೋಟಿನೊಳಗಿಂದ ಕಾಗದ ತೆಗೆದು ಸಹಿ ಮಾಡಿಸಿಕೊಂಡರು. ನಿಮ್ಮ ಮನೆ ಅಪಾಯದ ಜಾಗದಲ್ಲಿದೆ, ಕೂಡಲೇ ಕಾಳಜಿ ಕೇಂದ್ರಕ್ಕೆ ಹೋಗಬೇಕು ಎಂದು ಬರೆದಿತ್ತು. ದನ ಏನು ಮಾಡುವುದು ಎಂದೆ. "ದನದ್ದು ಇದರಲ್ಲಿ ಬರೆದಿಲ್ಲ ಮಾಸ್ತರ್ರೆ" ಎಂದರು. ಪಾಪ, ಅವರಿಗೆ ಇನ್ನೂ ಹತ್ತಾರು ಮನೆ ಮುಗಿಸುವುದಿತ್ತು. ಒಳಗೆ ನನ್ನ ತಾಯಿ, ಎಂಬತ್ತು ದಾಟಿದವರು, ಕಂಬ ಹಿಡಿದು ಕೂತುಬಿಟ್ಟರು. "ಗೌರೀನ ಬಿಟ್ಟಿಕ್ಕಿ ನಾ ಎಲ್ಲೂ ಬರುದಿಲ್ಲ ತಮಾ."

ಹೆಂಡತಿ, ಸೊಸೆ, ಮೊಮ್ಮಗಳನ್ನು ಕಾಳಜಿ ಕೇಂದ್ರವಿದ್ದ ಶಾಲೆಗೆ ಕಳಿಸಿ ನಾನು ಅವ್ವನ ಜೊತೆ ಉಳಿದೆ. ಕೊಟ್ಟಿಗೆಯ ಹಿಂದೆ ಒಂದು ಒರತೆ ಇದೆ, ಎಂಥ ಮಳೆಗೂ ತಿಳಿಯಾಗಿಯೇ ಹರಿಯುವುದು. ರಾತ್ರಿ ಎರಡರ ಹೊತ್ತಿಗೆ ಟಾರ್ಚು ಹಾಕಿ ನೋಡಿದರೆ ನೀರು ಕೆಂಪಾಗಿತ್ತು. ಕೈಯಿಟ್ಟರೆ ಬೆರಳಿಗೆ ಶೇಡಿ ಹತ್ತಿತು. ಆಕಳ ಕಣ್ಣಿ ಬಿಚ್ಚಿ ಬೆಳಗಿನವರೆಗೆ ಬಾಗಿಲಲ್ಲೇ ನಿಂತಿದ್ದೆ. ಗುಡ್ಡ ಅಂದು ಬೀಳಲಿಲ್ಲ. ಆದರೆ ನಾಲ್ಕೂವರೆಗೆ ಕತ್ತಲಲ್ಲಿ ಗದ್ದೆ ಹಾಳಿಯ ಮೇಲೆ ಒಂದೊಂದೇ ಬ್ಯಾಟರಿ ಬೆಳಕು ಬರತೊಡಗಿತು. ಕಾಳಜಿ ಕೇಂದ್ರಕ್ಕೆ ಹೋದವರೆಲ್ಲ ಹಾಲು ಕರೆಯಲು ವಾಪಸು ಬರುತ್ತಿದ್ದರು, ಅದೇ ಗುಡ್ಡದ ಬುಡಕ್ಕೆ.

ಇಂಡೋನೇಷ್ಯಾದ ಜ್ವಾಲಾಮುಖಿ ಮೆರಾಪಿ ಬೆಟ್ಟದಲ್ಲೂ ಇದೇ ಆಯಿತು. 2010ರ ಅಕ್ಟೋಬರ್, ನವೆಂಬರಿನಲ್ಲಿ ಅದು ಸಿಡಿದಾಗ ಮೂರೂವರೆ ಲಕ್ಷದಷ್ಟು ಜನರನ್ನು ಕೆಳಗಿಳಿಸಿದ್ದರು. ಆದರೂ ದನಕ್ಕೆ ಹುಲ್ಲು ಹಾಕಲೆಂದು ಜನ ಮತ್ತೆ ಮತ್ತೆ ಮೇಲೆ ಹತ್ತಿದರು. ಕೊನೆಗೆ ದನಗಳನ್ನು ಸರ್ಕಾರವೇ ಕೊಳ್ಳುತ್ತದೆಂದು ಅಧ್ಯಕ್ಷರು ಘೋಷಿಸಬೇಕಾಯಿತು. 350ಕ್ಕೂ ಹೆಚ್ಚು ಜನ ಸತ್ತ ಆ ಅನಾಹುತದ ನಂತರ ಮಗೆಲಾಂಗ್ ಜಿಲ್ಲೆಯಲ್ಲಿ ಒಂದು ಪದ್ಧತಿ ಬಂತು. ಬೆಟ್ಟದ ಮೇಲಿನ ಪ್ರತಿ ಊರಿಗೂ ಸುರಕ್ಷಿತ ಜಾಗದ ಇನ್ನೊಂದು ಊರನ್ನು ಜೋಡಿ ಮಾಡುವುದು. ಅವರ ಭಾಷೆಯಲ್ಲಿ ಅದಕ್ಕೆ ಒಡಹುಟ್ಟಿದ ಊರು ಎಂಬರ್ಥದ ಹೆಸರು. ಅಪಾಯ ಬಂದಾಗ ಯಾವ ಊರಿನವರು ಎಲ್ಲಿಗೆ ಹೋಗಬೇಕೆಂಬುದು ಮೊದಲೇ ನಿಕ್ಕಿಯಾಗಿರುತ್ತದೆ.

ನಮಗೂ ಇದೇ ಬೇಕು, ಮಾನ್ಯರೇ. ನಂಟರ ಊರು ಎನ್ನಿ, ಏನಾದರೂ ಅನ್ನಿ. ಗುಡ್ಡದ ಬುಡದ ಒಂದೊಂದು ಕೇರಿಗೂ ಬಯಲಿನ ಒಂದು ಊರು, ಅಲ್ಲಿ ಮನೆಯ ಜೊತೆಗೆ ಕೊಟ್ಟಿಗೆ, ಒಣಹುಲ್ಲು, ದನ ಸಾಗಿಸಲು ಒಂದು ಟೆಂಪೊ, ಹಾಲು ಹಾಕಿಸಿಕೊಳ್ಳುವ ಅಲ್ಲಿನ ಡೇರಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಎರಡು ಪಂಚಾಯತಿಯವರನ್ನು ಎದುರುಬದುರು ಕೂರಿಸುವ ಅಧಿಕಾರ ಬೇಕು, ಅದು ನಿಮ್ಮಲ್ಲಿದೆ.

ಇನ್ನೊಂದು. ಭೂವೈಜ್ಞಾನಿಕ ಸರ್ವೇಕ್ಷಣೆಯವರು ನಮ್ಮ ಜಿಲ್ಲೆಯಲ್ಲಿ ಕುಸಿಯಬಹುದಾದ ಜಾಗಗಳನ್ನು ಗುರುತಿಸಿದ್ದಾರೆ. ಆ ನಕ್ಷೆಯನ್ನು ಪಂಚಾಯತಿ ಗೋಡೆಗೆ, ನ್ಯಾಯಬೆಲೆ ಅಂಗಡಿಗೆ, ಶಾಲೆಗೆ ಹಚ್ಚಿಸಿ. ಎದುರು ದಡದ ಊರುಗಳನ್ನೂ ಅದರಲ್ಲಿ ತೋರಿಸಿ. ಕೊಲಂಬಿಯಾದ ಅರ್ಮೆರೊ ಪಟ್ಟಣ ಅಪಾಯದಲ್ಲಿದೆಯೆಂದು ತೋರಿಸುವ ನಕ್ಷೆ 1985ರ ಅಕ್ಟೋಬರಿನಲ್ಲೇ ಸಿದ್ಧವಿತ್ತು. ನವೆಂಬರ್ 13ರ ರಾತ್ರಿ ನೆವಾಡೊ ಡೆಲ್ ರೂಯಿಸ್ ಜ್ವಾಲಾಮುಖಿ ಸಿಡಿದು, ಶಿಖರದ ಹಿಮ ಕರಗಿ ಕೆಸರಾಗಿ ಇಳಿದು ಪಟ್ಟಣ ತಲುಪಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟು ಹೊತ್ತಿದ್ದೂ ಪಟ್ಟಣ ಖಾಲಿಯಾಗಲಿಲ್ಲ. ಸುಮಾರು 23,000 ಜನ ಸತ್ತರು. ನಮ್ಮ ಗುಡ್ಡ ಎರಡು ಗಂಟೆ ಕೊಡುವುದಿಲ್ಲ. ಅದಕ್ಕೇ ಮಳೆಯ ಲೆಕ್ಕ ನೋಡಿ ಹಗಲಿರುವಾಗಲೇ ನಮ್ಮನ್ನು ಎಬ್ಬಿಸಬೇಕು, ಸಂಜೆ ಆರಕ್ಕಲ್ಲ.

ಮೆರಾಪಿಯ ಜೋಡಿ ಊರಿನ ವಿಷಯವನ್ನು ಅವ್ವನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಬರುವುದಿಲ್ಲ ಎನ್ನಲಿಲ್ಲ. "ಯಾರ ಮನೆ ಕೊಟ್ಟಿಗೆ? ಅವ್ರಿಗೆ ದನ ಕಟ್ಟಿ ರೂಢಿ ಉಂಟಾ?" ಎಂದು ಕೇಳಿದರು.

ಅದಕ್ಕೆ ಉತ್ತರವನ್ನು ಮೃಗಶಿರಾ ಮಳೆ ಹಿಡಿಯುವ ಮೊದಲು ಕೊಡಿಸಬೇಕೆಂದು ಬೇಡಿಕೊಳ್ಳುತ್ತೇನೆ.

ಇತಿ,
ಗಂಗಾವಳಿ ದಡದ ಒಬ್ಬ ನಿವೃತ್ತ ಶಿಕ್ಷಕ