ಹಳೆ ಕಾರಿಗೆ ಟಾರ್ ಬಳಿಸೋಕ್ ಮುಂಚೆ ಬಾಗಿಲ ತಳ ಒಂದ್ಸಲ ಮುಟ್ಟಿ ನೋಡಿ

ಮಾನ್ಯ ಸಂಪಾದಕರೇ,

ಹೋದ ವಾರ ಇದೇ ಕಾಲಂನಲ್ಲಿ ಒಬ್ರು, ಮಳೆ ಶುರುವಾಗೋಕ್ ಮುಂಚೆ ಹಳೆ ಕಾರಿಗೆ ಅಡಿಯಿಂದ ಟಾರ್ ಕೋಟಿಂಗ್ ಮಾಡಿಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಕವರ್ ಹೊದಿಸಿಬಿಡಿ, ತುಕ್ಕಿನ ಚಿಂತೆನೇ ಇಲ್ಲ ಅಂತ ಬರೆದಿದ್ರು. ಅವರ ಮೇಲೆ ನಂಗೇನೂ ಸಿಟ್ಟಿಲ್ಲ, ನಾನೂ ಅದನ್ನೇ ಮಾಡ್ದೋನು, ಮಾಡಿ ನಲವತ್ತು ಸಾವಿರ ನೀರಿಗೆ ಹಾಕ್ದೋನು, ಅದಕ್ಕೇ ಬರೀತಾ ಇದೀನಿ.

ನಮ್ಮದು 1978ರ ಪ್ರೀಮಿಯರ್ ಪದ್ಮಿನಿ, ಮಾವನೋರ ಗಾಡಿ. ಅವರು ಹೋದ್ಮೇಲೆ ಮಾರೋಕೆ ಮನಸ್ಸು ಬರ್ಲಿಲ್ಲ, ಸರಸ್ವತಿಪುರಂನಲ್ಲಿ ನಮ್ಮನೆ ಮುಂದೆ ಗುಲ್‌ಮೊಹರ್ ಮರದ ಕೆಳಗೇ ನಿಲ್ಲಿಸ್ತಿದ್ವಿ. ನಾಲ್ಕು ವರ್ಷದ ಹಿಂದೆ ಒಂದು ಶೆಡ್‌ಗೆ ಕೊಟ್ಟು ಪೂರ್ತಿ ಪೇಂಟ್ ಮಾಡಿಸ್ದೆ, ಅಡಿಗೆ ಟಾರ್ ಕೂಡ. ಗಾಡಿ ವಾಪಸ್ ಬಂದಾಗ ಮದುವೆ ಹುಡುಗಿ ಥರ ಇತ್ತು, ಅಕ್ಕಪಕ್ಕದೋರೆಲ್ಲ ಬಂದು ಫೋಟೋ ತಗೊಂಡ್ರು. ಎರಡು ಮಳೆಗಾಲ ಕಳೀತು ನೋಡಿ, ಕಾರಿನೊಳಗೆ ಒಂಥರಾ ಒದ್ದೆ ಗೋಣಿಚೀಲದ ವಾಸನೆ. ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್‌ನಲ್ಲಿ ಸುಮ್ನೆ ಒತ್ತಿದ್ರೆ ಹಪ್ಪಳ ಮುರಿದ ಹಾಗೆ ಒಳಗೆ ಹೋಯ್ತು, ಕೆಳಗಡೆ ಟಾರ್ ಮಾತ್ರ ಗಟ್ಟಿಯಾಗಿ ನಿಂತಿತ್ತು, ತಗಡೇ ಇರ್ಲಿಲ್ಲ. ಮೇಲೆಲ್ಲಾ ತಳುಕು ಒಳಗೆಲ್ಲಾ ಹುಳುಕು ಅಂತಾರಲ್ಲ, ಅದೇ.

ಆಮೇಲೆ ಮಂಡಿ ಮೊಹಲ್ಲಾ ಕಡೆ ಗಾಡಿ ತಗಡು ಕೆಲಸ ಮಾಡೋ ವಯಸ್ಸಾದ ಟಿಂಕರ್ ಒಬ್ರು ಸಿಕ್ಕಿದ್ರು. ಅವರು ಫ್ಲೋರ್ ನೋಡ್ಲೇ ಇಲ್ಲ ಕಣ್ರೀ, ಮೊದ್ಲು ಬಾಗಿಲು ತೆಗೆದು ಅದರ ತಳದ ಅಂಚಿಗೆ ಬೆರಳು ಹಾಕಿ ತಡಕಿದ್ರು, "ಸಾರ್, ಇಲ್ಲಿ ತೂತು ಇರ್ಬೇಕಿತ್ತು, ಯಾರೋ ಮುಚ್ಚವ್ರೆ" ಅಂದ್ರು. ನಂಗೆ ಅವತ್ತಿನ ತನಕ ಬಾಗಿಲ ತಳದಲ್ಲಿ ತೂತು ಇರುತ್ತೆ ಅನ್ನೋದೇ ಗೊತ್ತಿರ್ಲಿಲ್ಲ. ಗ್ಲಾಸ್ ಪಕ್ಕದ ರಬ್ಬರ್ ಎಷ್ಟೇ ಹೊಸದಾಗಿರ್ಲಿ ಸ್ವಲ್ಪ ನೀರು ಬಾಗಿಲೊಳಗೆ ಇಳಿದೇ ಇಳಿಯುತ್ತೆ, ಕಾರು ಮಾಡ್ದೋರಿಗೆ ಅದು ಗೊತ್ತು, ಅದಕ್ಕೇ ಅದು ಆಚೆ ಹೋಗ್ಲಿ ಅಂತ ತಳದಲ್ಲಿ ಸಣ್ಣ ಸಣ್ಣ ತೂತು ಬಿಟ್ಟಿರ್ತಾರೆ. ಬಾಗಿಲ ಕೆಳಗೆ ಉದ್ದಕ್ಕೆ ಬರೋ ಪೆಟ್ಟಿಗೆ ಥರದ ಭಾಗಕ್ಕೂ, ಅದೇ ಸಿಲ್ ಅಂತಾರಲ್ಲ ಅದಕ್ಕೂ ಹಾಗೇ. ನಮ್ಮ ಪೇಂಟ್ ಶೆಡ್‌ನೋರು ಎಲ್ಲ ನೀಟಾಗಿ ಕಾಣ್ಲಿ ಅಂತ ಪುಟ್ಟಿ (ಹಳ್ಳ ತುಂಬೋ ಪೇಸ್ಟ್) ಒತ್ತಿ, ಮೇಲೆ ಟಾರ್ ಬಳಿದು, ಒಂದೂ ಬಿಡದೆ ಮುಚ್ಚಿದ್ರು. ಉಳಿದಿದ್ದೇನಾದ್ರೂ ಇದ್ರೆ ಗುಲ್‌ಮೊಹರ್ ಎಲೆ ನೋಡ್ಕೊಂಡಿತ್ತು, ಅದರ ಎಲೆ ಎಷ್ಟು ಸಣ್ಣ ಅಂದ್ರೆ ವೈಪರ್ ಹತ್ರದ ಜಾಲರಿಯಿಂದ ಒಳಗೆ ಹೋಗಿ ಕೊಳೆತು ಗೊಬ್ಬರ ಆಗಿ ಕೂತಿತ್ತು, ಎರಡು ಹಿಡಿ ತೆಗೆದ್ವಿ, ನಮ್ಮನೆಯವರು ಅದನ್ನ ತುಳಸಿ ಕುಂಡಕ್ಕೆ ಹಾಕಿದ್ರು.

ನಾನು ಹೇಳ್ಬೇಕು ಅಂದಿದ್ದು ಇಷ್ಟೇ, ಹಳೆ ಕಾರಿಗೆ ನೀರು ಬರೋದನ್ನ ಪೂರ್ತಿ ತಡೆಯೋಕಾಗಲ್ಲ, ಬಂದ ನೀರು ಹೋಗೋಕೆ ದಾರಿ ಇಲ್ದಿದ್ರೇನೇ ಗಾಡಿ ಹಾಳಾಗೋದು. ತುಕ್ಕಿಗೆ ಬೇಕಾಗಿರೋದು ಕಬ್ಬಿಣ, ನೀರು, ಗಾಳಿ, ಮೂರೇ. ಆಗ್ಲೇ ತುಕ್ಕು ಹಿಡಿದಿರೋ ತಗಡಿನ ಮೇಲೆ ಟಾರ್ ಬಳಿದ್ರೆ ಒಳಗಿನ ತೇವ ಅಲ್ಲೇ ಸಿಕ್ಕಾಕೊಳ್ಳುತ್ತೆ, ಟಾರ್ ಸಣ್ಣಗೆ ಬಿರುಕು ಬಿಟ್ಟ ಕಡೆ ಇನ್ನಷ್ಟು ನೀರು ಎಳ್ಕೊಳ್ಳುತ್ತೆ, ಹೊರಗಿಂದ ಏನೂ ಕಾಣಲ್ಲ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ತಿನ್ನುತ್ತೆ, ಹಾಗಾಗಿ ಎರಡು ತಗಡು ಸೇರಿಸಿ ಸ್ಪಾಟ್ ವೆಲ್ಡ್ ಮಾಡಿರೋ ಜಾಯಿಂಟ್‌ನಲ್ಲಿ ಹೊಕ್ಕರೆ ಎರಡನ್ನೂ ಉಬ್ಬಿಸಿ ಬಿಡಿಸಿಬಿಡುತ್ತೆ. ಪುಟ್ಟಿನೂ ಅಷ್ಟೇ, ಮೇಲೆ ಪೇಂಟ್ ಇಲ್ಲದ ಪುಟ್ಟಿ ತೇವ ಹೀರುತ್ತೆ, ಹಿಂದೆ ಗಟ್ಟಿ ತಗಡಿಲ್ಲದೆ ತೂತಿಗೆ ಪುಟ್ಟಿ ತುಂಬಿದ್ರೆ ಹುಳುಕು ಹಲ್ಲಿಗೆ ಗೋಧಿಹಿಟ್ಟು ಮೆತ್ತಿದ ಹಾಗೆ.

ಇನ್ನೊಂದು ವಿಷಯ ಗೊತ್ತಿರ್ಬೇಕು. ಮದ್ರಾಸಲ್ಲಿ ತಯಾರಾಗ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಕೆಳಗೆ ಬೇರೆ ಚಾಸಿಸ್ (ಭಾರ ಹೊರೋ ಚೌಕಟ್ಟು) ಇತ್ತು, ಬಾಡಿನ ಬೋಲ್ಟ್ ಬಿಚ್ಚಿ ಎತ್ತಬಹುದಿತ್ತು. ಪದ್ಮಿನಿ, ಅಂಬಾಸಿಡರ್ ಹಾಗಲ್ಲ, ಬಾಡಿನೇ ಭಾರ ಹೊರೋದು, ಸಿಲ್ ಕೊಳೆತ್ರೆ ಅಂದ ಹೋಯ್ತು ಅಂತಲ್ಲ, ಗಾಡಿ ಬೆನ್ನುಮೂಳೆನೇ ಹೋಯ್ತು ಅಂತ. ಜ್ಯಾಕ್ ಹಾಕಿದ ಕಡೆ ತಗಡು ಮಡಚಿಕೊಂಡ್ರೆ ಅವತ್ತೇ ಎಚ್ಚೆತ್ಕೊಳ್ಳಿ. ಹೊಸ ಪ್ಯಾನಲ್ ತರೋಣ ಅಂದ್ರೆ ಪದ್ಮಿನಿ ತಯಾರಿ ನಿಂತು ಇಪ್ಪತ್ತು ವರ್ಷದ ಮೇಲಾಯ್ತು, ಬಂಗಾಳದ ಉತ್ತರಪಾರದಲ್ಲಿ ಅಂಬಾಸಿಡರ್ ತಯಾರಿನೂ 2014ರಲ್ಲೇ ನಿಂತೋಯ್ತು.

ನಮ್ಮ ಗಾಡಿಗೆ ಆ ಟಿಂಕರ್ ಮಾಡಿದ್ದು ಏನಂದ್ರೆ ಟಾರ್ ಎಲ್ಲ ಕೆರೆದು, ಕೊಳೆತಿದ್ದನ್ನ ಒಳ್ಳೆ ತಗಡು ಸಿಗೋ ತನಕ ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿ, ತುಕ್ಕು ತಡೆಯೋ ಎಪಾಕ್ಸಿ ಪ್ರೈಮರ್ ಹೊಡೆದು, ಜಾಯಿಂಟ್‌ಗೆಲ್ಲ ಸಂದಿ ಮುಚ್ಚೋ ಸೀಮ್ ಸೀಲರ್ ಹಾಕಿ, ಕೊನೇಲಿ ಸಿಲ್ ಒಳಗೆ ಪೈಪ್ ತೂರಿಸಿ ವ್ಯಾಕ್ಸ್ (ಮೇಣ) ಸ್ಪ್ರೇ ಮಾಡಿದ್ರು. ವೆಲ್ಡಿಂಗ್ ಬಿಸಿಗೆ ಒಳಗಿನ ಪೇಂಟ್ ಸುಟ್ಟು ಹೋಗಿರುತ್ತೆ, ಬ್ರಶ್ ಹೋಗದ ಜಾಗ, ವ್ಯಾಕ್ಸ್ ಹಾಕದಿದ್ರೆ ತುಕ್ಕು ಅಲ್ಲಿಂದಲೇ ಮತ್ತೆ ಶುರು. ವ್ಯಾಕ್ಸ್ ಆದ್ಮೇಲೆ ಒಂದು ತಂತಿ ತಗೊಂಡು ತೂತುಗಳನ್ನೆಲ್ಲ ಮತ್ತೆ ಬಿಡಿಸಿದ್ರು, ನಂಗೆ ಅದು ತುಂಬಾ ಹಿಡಿಸ್ತು.

ನೀರು ಎಲ್ಲಿಂದ ಬರುತ್ತೆ ಅಂತ ಹುಡುಕೋದು ಇಬ್ಬರ ಕೆಲಸ. ಮ್ಯಾಟು, ಅದರ ಕೆಳಗಿನ ನಾರು ಎಲ್ಲ ತೆಗೆದು ಒಣಗಿಸಿ, ಫ್ಲೋರ್ ಮೇಲೆ ನ್ಯೂಸ್‌ಪೇಪರ್ ಹಾಸಿ (ನಿಮ್ಮ ಪತ್ರಿಕೆನೇ ಹಾಸಿದ್ದು, ಬೇಜಾರ್ ಮಾಡ್ಕೋಬೇಡಿ), ಒಬ್ರು ಟಾರ್ಚ್ ಹಿಡ್ಕೊಂಡು ಒಳಗೆ ಕೂರ್ಬೇಕು, ಇನ್ನೊಬ್ರು ಹೊರಗಿಂದ ಪೈಪ್‌ನಲ್ಲಿ ಸಣ್ಣಗೆ ನೀರು ಬಿಡ್ಬೇಕು, ಅದೂ ಕೆಳಗಿಂದ ಶುರು ಮಾಡಿ ನಿಧಾನಕ್ಕೆ ಮೇಲಕ್ಕೆ ಹೋಗ್ಬೇಕು, ಮೇಲಿಂದಲೇ ಬಿಟ್ರೆ ಎಲ್ಲ ಕಡೆ ನೆನೆದು ಯಾವುದೂ ಗೊತ್ತಾಗಲ್ಲ. ನಮ್ಮ ಗಾಡೀಲಿ ಕಾಲ ಹತ್ರ ನೀರು ನಿಲ್ತಿತ್ತು, ನಾನು ಫ್ಲೋರ್ ತೂತಿಂದ ಬರ್ತಿದೆ ಅನ್ಕೊಂಡಿದ್ದೆ, ನೋಡಿದ್ರೆ ಮುಂದಿನ ಗ್ಲಾಸಿನ ಸುತ್ತ ಇರೋ ರಬ್ಬರ್ ಪಟ್ಟಿ, ಅಂದ್ರೆ ಬೀಡಿಂಗ್ ಮೂಲೇಲಿ ಒಳಗೆ ಬಂದು ಡ್ಯಾಶ್‌ಬೋರ್ಡ್ ಹಿಂದೆ ಜಾರಿ ಕಾಲ ಹತ್ರ ಬೀಳ್ತಿತ್ತು. ಆ ಬೀಡಿಂಗ್‌ಗೆ ಮುಂಚೆ ನಾನೇ ಹಾರ್ಡ್‌ವೇರ್ ಅಂಗಡಿ ಸಿಲಿಕಾನ್ ತುಂಬಿದ್ದೆ, ಅದು ತಪ್ಪು. ಹುಳಿ ಹುಳಿ ವಿನಿಗರ್ ವಾಸನೆ ಬರೋ ಸಿಲಿಕಾನ್ ಒಣಗುವಾಗ ಆ ಆಸಿಡ್ಡೇ ಬಿಡೋದು, ಬರೀ ತಗಡಿಗೆ ತಗುಲಿದ್ರೆ ಅದೇ ತುಕ್ಕು ತರ್ಸುತ್ತೆ. ಗ್ಲಾಸ್ ಬೀಡಿಂಗ್‌ಗೆ ಗಟ್ಟಿಯಾಗದೆ ಮೆತ್ತಗೇ ಇರೋ ಗಮ್ ಸಿಗುತ್ತೆ, ಅದೇ ಸರಿ.

ಡಿಕ್ಕಿದೂ ಅದೇ ಕಥೆ, ರಬ್ಬರ್ ಬದಲಾಯಿಸ್ತಾರೆ ಆದ್ರೆ ಟೈಲ್ ಲ್ಯಾಂಪ್ ಹಿಂದೆ ನೀರು ತಡೆಯೋ ಗ್ಯಾಸ್ಕೆಟ್ ಯಾರೂ ನೋಡಲ್ಲ, ಸ್ಟೆಪ್ನಿ ಕೆಳಗೆ ನೀರು ನಿಂತಿರುತ್ತೆ.

ಕವರ್ ವಿಷಯ. ಪ್ಲಾಸ್ಟಿಕ್ ಕವರ್ ಮಳೆ ತಡೆಯುತ್ತೆ ನಿಜ, ಆದ್ರೆ ಬೆಳಗಿನ ಜಾವ ಕವರ್ ಎತ್ತಿ ಒಳಗಡೆ ಕೈಯಾಡಿಸಿ ನೋಡಿ, ಬೆವರಿರುತ್ತೆ. ಮಣ್ಣಿನ ನೆಲದ ಮೇಲೆ ನಿಂತಿದ್ರೆ ಇನ್ನೂ ಜಾಸ್ತಿ, ನೆಲದ ತೇವ ಎಲ್ಲ ಮೇಲೆ ಬರುತ್ತೆ. ಮೇಲೆ ಛಾವಣಿಗೆ ಶೀಟ್ ಹಾಕ್ಸಿ, ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಗಾಳಿಯಾಡೋ ಬಟ್ಟೆ ಕವರ್ ಸಾಕು, ಬಿಸಿಲು ಬಂದ ದಿನ ನಾಲ್ಕು ಬಾಗಿಲೂ ತೆರೆದಿಡಿ. ನಮ್ಮೂರಲ್ಲಿ ಆಯುಧಪೂಜೆ ಬೇರೆ, ಅವತ್ತು ಸಂಭ್ರಮಕ್ಕೆ ಪ್ರೆಶರ್ ವಾಷರ್‌ನಲ್ಲಿ ಒಳಗೂ ಹೊರಗೂ ಹೊಡ್ಸಿ, ಬಾಳೆಕಂದು ಕಟ್ಟಿ, ಪೂಜೆ ಆದ್ಮೇಲೆ ದಸರಾ ಟ್ರಾಫಿಕ್ ಅಂತ ಹತ್ತು ದಿನ ಮುಚ್ಚಿಟ್ರೆ ಮುಗೀತು ಕಥೆ. ಮಂಗಳೂರು ಕಡೆಯಿಂದ ಹಳೆ ಗಾಡಿ ತರೋರಂತೂ ಇನ್ನೂ ಹುಷಾರಾಗಿರಿ, ಅಲ್ಲಿ ಗಾಳೀಲೇ ಉಪ್ಪಿರುತ್ತೆ, ಪೇಂಟ್ ನೋಡಿ ಮರುಳಾಗದೆ ಮ್ಯಾಟ್ ಎತ್ತಿಸಿ ನೋಡಿ. ಶ್ರೀರಂಗಪಟ್ಟಣದ ಹತ್ರ ಪಯಣ ಕಾರ್ ಮ್ಯೂಸಿಯಂಗೆ ಹೋದಾಗ ಎಲ್ರೂ ಬಾನೆಟ್ ಮುಂದೆ ಸೆಲ್ಫಿ ತಗೊಳ್ತಿದ್ರೆ ನಾನು ಬಗ್ಗಿ ಬಾಗಿಲ ತಳ ನೋಡ್ತಿದ್ದೆ, ಮೊಮ್ಮಗಳಿಗೆ ನಾಚಿಕೆ ಆಯ್ತಂತೆ.

ಇಷ್ಟೆಲ್ಲ ಯಾಕಪ್ಪಾ ಅಂದ್ರೆ, 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ತುಂಬಿದ ಗಾಡಿನ ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಬಹುದು, ಆದ್ರೆ ಮೂಲ ರೂಪದಲ್ಲೇ ಇರ್ಬೇಕು, ಚಾಸಿಸ್, ಬಾಡಿ, ಇಂಜಿನ್ ಬದಲಾಯಿಸಿರಬಾರದು. ನಮ್ಮದಕ್ಕೆ 2028ಕ್ಕೆ ಐವತ್ತು. ಅಲ್ಲಿ ತನಕ ಮಾವನೋರ ತಗಡನ್ನೇ ಉಳಿಸ್ಕೋಬೇಕು ಅನ್ನೋದು ಆಸೆ.

ಈಗ ಒಂದೇ ಲೀಕ್ ಬಾಕಿ ಇದೆ, ಎಡಗಡೆ ಮುಂದಿನ ಬಾಗಿಲಿನ ತ್ರಿಕೋನ ಗ್ಲಾಸ್ ಹತ್ರ. ಬೆಂಗಳೂರು ಜೆ.ಸಿ. ರಸ್ತೇಲಿ ತಂದ ರಬ್ಬರ್ ಕಲ್ಲಿನ ಥರ ಗಟ್ಟಿ, ಕೂರ್ತಾನೇ ಇಲ್ಲ. ಮೈಸೂರು ಮಂಡ್ಯ ಕಡೆ ಮೆತ್ತಗಿರೋದು ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದೋರು ದಯವಿಟ್ಟು ಇದೇ ಕಾಲಂನಲ್ಲಿ ಬರೀರಿ, ಟಾರ್ ಬಗ್ಗೆ ಬರೆದೋರೂ ಬರೀಬಹುದು.

ಇಂತಿ,
ಪದ್ಮಿನಿ ಗಾಡಿಯವರು,
ಸರಸ್ವತಿಪುರಂ, ಮೈಸೂರು