ಮುಂದಿನ ಸಾಲಷ್ಟೇ ತುಂಬಿದ ಅಂಗಡಿ

ಸಂಪಾದಕರೇ,

ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ಕಿರಾಣಿ ಅಂಗಡಿ ದೂರದಿಂದ ಭರ್ತಿಯಾಗಿಯೇ ಕಾಣುತ್ತದೆ. ಮುಂದಿನ ಒಂದು ಡಬ್ಬಿ ಎತ್ತಿದರೆ ಹಿಂದೆ ಬರೀ ಹಲಗೆ. ಅರ್ಧ ಕಿಲೋ ಚಹಾಪುಡಿ ಇಲ್ಲ, ಗುರೆಳ್ಳು ಇಲ್ಲ. ಎಣ್ಣೆಯ ದೊಡ್ಡ ಡಬ್ಬಿ ಕೇಳಿದರೆ ‘ಸೋಮವಾರ ನೋಡೋಣ, ಅಕ್ಕಾರೆ’ ಎನ್ನುತ್ತಾನೆ ಅಂಗಡಿಯವ, ಯಾವ ಸೋಮವಾರವೋ! ಪೇಟೆಯಲ್ಲಿ ಮಾಲಿಲ್ಲವೆಂದಲ್ಲ. ಸಗಟು ವ್ಯಾಪಾರಿ ಉದ್ರಿ ಕೊಡುವುದಿಲ್ಲ, ಓಣಿಯವರ ಉದ್ರಿ ವಸೂಲಾಗುವುದಿಲ್ಲ. ನಡುವೆ ಇವನ ಗಲ್ಲಾ ಖಾಲಿ. ಅವನನ್ನು ಬೈದು ಉಪಯೋಗವಿಲ್ಲ. ದುರ್ಗದಬೈಲಿನ ಪೇಟೆಗೆ ಹೋಗಿ ತನ್ನಿ ಎಂದು ಬುದ್ಧಿ ಹೇಳುವವರು ಆಟೋ ಬಾಡಿಗೆಯನ್ನೂ ಕೊಡಲಿ.

ಐದು, ಹತ್ತು ರೂಪಾಯಿಯ ಪೊಟ್ಟಣಗಳಿಗೆ ಮಾತ್ರ ಬರವಿಲ್ಲ, ತೋರಣದಂತೆ ತೂಗುತ್ತಿವೆ. ಶಾಂಪೂವಿನ ಮಾತು ಬೇರೆ, ಅದು ಚಿಕ್ಕದರಲ್ಲೇ ಅಗ್ಗ. ಆದರೆ ನಾನು ಕೊಳ್ಳುವ ಚಹಾಪುಡಿಯಲ್ಲಿ ಹಾಗಲ್ಲ: ಚಿಕ್ಕ ಪೊಟ್ಟಣ ಒಯ್ಯುವ ದಿನಗೂಲಿಯವರೇ ಗ್ರಾಂಗೆ ಹೆಚ್ಚು ತೆರುತ್ತಾರೆ. ಬೆಲೆ ಅದೇ ಇಟ್ಟು ತೂಕ ಇಳಿಸುವುದು ಇನ್ನೊಂದು ಜಾಣತನ. ಒಟ್ಟು ಬೆಲೆಯ ಜೊತೆಗೆ ಗ್ರಾಂಗೆಷ್ಟು, ಕಿಲೋಗೆಷ್ಟು ಎಂದೂ ಮುದ್ರಿಸಬೇಕೆಂಬ ನಿಯಮ ಬಂದಿದೆ. ಮುದ್ರಿಸುತ್ತಾರೆ, ಅಂಚಿನ ಮಡಿಕೆಯೊಳಗೆ, ಸಾಸಿವೆ ಗಾತ್ರದ ಅಕ್ಷರಗಳಲ್ಲಿ. ಸಂಬಂಧಪಟ್ಟ ಅಧಿಕಾರಿಗಳು ಒಮ್ಮೆ ಓಣಿಯ ಅಂಗಡಿಗೆ ಬಂದು, ಸಂಜೆಯ ಬೆಳಕಿನಲ್ಲಿ ಅದನ್ನು ಓದಿ ತೋರಿಸಲಿ.

— ಓರ್ವ ಗೃಹಿಣಿ, ಹಳೇ ಹುಬ್ಬಳ್ಳಿ